ಮೂರನೆಯ ನಂಬರು

ಸ್ಟೇಷನ್ ರಸ್ತೆಯ ಸಹಕಾರಿ ಬ್ಯಾಂಕಿನ ಹಿಂದಿನ ಕೋಣೆಗೆ
ಕಿಟಕಿ ಇಲ್ಲ. ಇದ್ದದ್ದನ್ನು ಇಟ್ಟಂಗಿಯಿಂದ ಮುಚ್ಚಿದ್ದಾರೆ.
ಹೊರಗೆ ವಿಜಯಪುರದ ಮೇ ತಿಂಗಳು,
ರಾತ್ರಿ ಎರಡಕ್ಕೂ ಗೋಡೆ ಮುಟ್ಟಿದರೆ ರೊಟ್ಟಿಯ ಹಂಚು.
ಒಳಗೆ ಇಪ್ಪತ್ತೆರಡು ಡಿಗ್ರಿ.
ಈ ಹೊತ್ತು ಊರಲ್ಲಿ ಸ್ವೆಟರ್ ಹಾಕಿ ಕೂತವಳು
ನಾನೊಬ್ಬಳೇ.

ಗಂಟೆಗೊಮ್ಮೆ ವಹಿಯಲ್ಲಿ ಬರೆಯಬೇಕು:
ಹೊತ್ತು, ಶಾಖ, ಸಹಿ, ಷರಾ.
ಗೋಡೆಗಂಟಿದ ಬಿಳಿ ಡಬ್ಬಿ ತಾನೇ ಅಳೆದು
ತಾನೇ ಮೆಸೇಜು ಕಳಿಸುತ್ತದೆ.
ಆದರೂ ಬರೆಯಬೇಕು. ಆಡಿಟಿನವರಿಗೆ
ಅನುಮಾನ ಪಡಲಿಕ್ಕೆ ಮನುಷ್ಯರ ಅಕ್ಷರವೇ ಬೇಕು.

ಬ್ಯಾಟರಿ ಹದಿನಾರು, ಎರಡು ಸಾಲು,
ಬೆನ್ನಿಗೆಲ್ಲ ಸ್ಕೆಚ್ ಪೆನ್ನಿನಲ್ಲಿ ಹುಟ್ಟಿದ ತಾರೀಖು.
ಹನ್ನೊಂದನೆಯದರ ಹೊಟ್ಟೆ ಉಬ್ಬಿದೆ.
ಮೂರು ಸಲ ಬರೆದುಕೊಟ್ಟೆ.
"ಮುಂದಿನ ಬಜೆಟ್ಟಿನಾಗ ನೋಡೂನು, ದಾನಮ್ಮ."

ಕರೆಂಟು ಹೋದದ್ದು ಎರಡು ಹತ್ತಕ್ಕೆ.
ದೀಪ ಅಲುಗಲಿಲ್ಲ. ಯುಪಿಎಸ್ಸು ಒಮ್ಮೆ ಕೀಂ ಎಂದು
ಭಾರ ಮೇಲೆಳೆದುಕೊಂಡಿತು.
ನಿಂತದ್ದು ಏಸಿ ಮಾತ್ರ.

ಹೊರಗಿನವರಿಗೆ ಇದು ತಿಳಿಯುವುದಿಲ್ಲ:
ಏಸಿಯ ಹಸಿವು ದೊಡ್ಡದು, ಅದಕ್ಕೆ ಬ್ಯಾಟರಿಯ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ.
ಸರ್ವರುಗಳು ಬದುಕಿರುತ್ತವೆ,
ಬದುಕಿರುವುದರಿಂದಲೇ ಸುಡತೊಡಗುತ್ತವೆ.

ಇಪ್ಪತ್ತನಾಲ್ಕು.
ಅರ್ಧ ನಿಮಿಷದಲ್ಲಿ ಜನರೇಟರು ಏಳಬೇಕಿತ್ತು.
ಹಿತ್ತಲಲ್ಲಿ ಟಾರ್ಚು ಹಿಡಿದು ಬಂದೇನವಾಜ ಬೈಯುತ್ತಾನೆ:
"ಏಳಲೇ! ಹೊಟ್ಟಿ ತುಂಬ ಡೀಸೆಲ್ ಅದ, ಮತ್ತೇನ್ ಬೇಕು ನಿನಗ?"
ಕರಕರ, ಕರಕರ. ಆಮೇಲೆ
ಬರೀ ಟಕ್.

ಇಪ್ಪತ್ತಾರು. ಇಪ್ಪತ್ತೇಳೂವರೆ.
ಒಂದೊಂದನ್ನೇ ಮಲಗಿಸಿದೆ:
ಹಾಜರಿಯದು, ಪತ್ರವ್ಯವಹಾರದ್ದು.
ಖಾತೆಗಳ ಸರ್ವರಿಗೆ ಕೈ ಹೋಗಲಿಲ್ಲ.
ಅದರಲ್ಲಿ ತಿಕೋಟಾದ ಒಣದ್ರಾಕ್ಷಿಯ ದುಡ್ಡಿದೆ,
ಬಬಲೇಶ್ವರದ ಸಂಘದ ಹೆಣ್ಣುಮಕ್ಕಳ ವಾರದ ಇಪ್ಪತ್ತಿಪ್ಪತ್ತು ಇದೆ,
ರಾತ್ರಿಯಿಡೀ ಬಡ್ಡಿ ಕಟ್ಟುತ್ತಾ ಕೂತಿರುತ್ತದೆ ಅದು,
ನಡುವೆ ಎಬ್ಬಿಸಬಾರದು.

ಬಾಗಿಲು ತೆರೆಯಲೇ?
ಹೊರಗೆ ಮೂವತ್ತಾರು. ಬೇಡ.
ಸ್ವೆಟರ್ ಯಾವಾಗ ತೆಗೆದೆನೋ ನೆನಪಿಲ್ಲ.

ಆಗ ಫೋನು.
ತೆರೆಯ ಮೇಲೆ: ಹಂಜಗಿ ಸರ್.

ಸರ್ ತೀರಿ ಕಾರ್ತೀಕಕ್ಕೆ ಎರಡು ವರ್ಷ ತುಂಬಿತು.
ಬಿಳಿ ಡಬ್ಬಿಗೆ ಬಾಯಿಪಾಠ ಮೂರೇ ನಂಬರು.
ಒಂದು ಪುಣೆಯ ಕಂಪನಿಯದು, ರಾತ್ರಿ ಎತ್ತುವುದಿಲ್ಲ.
ಒಂದು ಮ್ಯಾನೇಜರರದು, ಸೈಲೆಂಟು.
ಮೂರನೆಯದನ್ನು ಯಾರೂ ಅಳಿಸಿಲ್ಲ.

"ಯವ್ವಾ, ನಾ ಗುರುಬಾಯಿ. ಮೂವತ್ತೊಂದು ಅಂತ ಬಂದದ.
ಅವರಿದ್ದಾಗ ಮೂವತ್ತಕ್ಕೇ ಚಪ್ಪಲಿ ಹುಡುಕತಿದ್ರು.
ಹ್ವಾದ ಸಲ ಜೀಪಿಂದ ಜೋಡಿಸಿ ಚಾಲೂ ಮಾಡಿದ್ರಂತ,
ಜೀಪ್ ಅದನೋ ಇಲ್ಲೋ?"

ಜೀಪು! ವಸೂಲಿಯ ಜೀಪು
ಬೇವಿನ ಕೆಳಗೆ ಹಕ್ಕಿ ಹಿಕ್ಕೆ ಹೊತ್ತು ನಿಂತಿತ್ತು.
ಬಂದೇನವಾಜ ಬಾನೆಟ್ ಎತ್ತಿದ.
ಕೆಂಪಿಗೆ ಕೆಂಪು, ಕೊನೆಯ ಕರಿತಂತಿ ಬರೀ ಕಬ್ಬಿಣಕ್ಕೆ.
ಒಮ್ಮೆ ಕೆಮ್ಮಿತು. ಎರಡನೆಯ ಸಲ
ಬೇವಿನ ಎಲೆಯೆಲ್ಲ ನಡುಗುವ ಹಾಗೆ ಎದ್ದಿತು.
ಯುಪಿಎಸ್ಸಿನಲ್ಲಿ ಉಳಿದದ್ದು ಆರು ನಿಮಿಷ.

ಕೆಲಸಕ್ಕೆ ಸೇರಿದ ವರ್ಷ ಸರ್ ನನಗೆ
ದಾರಿಯಲ್ಲಿ ಹಳೆಯ ಗಂಜ್ ತೋರಿಸಿದ್ದರು, ನೀರಿನ ಕಲ್ಲುಗೋಪುರ:
ತೊರವಿಯಿಂದ ನೆಲದೊಳಗೆ ಹರಿದು ಬಂದ ನೀರು
ಇದರಲ್ಲಿ ಏರಿ, ಸಿಟ್ಟು ಇಳಿಸಿಕೊಂಡು,
ಕೆಸರು ಕೆಳಗೆ ಬಿಟ್ಟು, ಮುಂದಿನ ಓಣಿಗೆ ಹೋಗುತ್ತಿತ್ತಂತೆ.
"ಬಾದಶಾಹನ ಯುಪಿಎಸ್ಸು," ಅಂದಿದ್ದರು.
ನಾನು ನಕ್ಕಿದ್ದೆ.
ಪಾರಿವಾಳಗಳಷ್ಟೇ ಇದ್ದವು ಅದರಲ್ಲಿ.

ಮತ್ತೆ ಫೋನು.
"ಎಷ್ಟಕ್ಕ ಬಂತು?"
"ಇಪ್ಪತ್ತೆಂಟು, ಅಕ್ಕಾರ. ಇಳೀಲಿಕತ್ತದ. ನೀವು ಮಲಕೋರಿ."
"ಇಪ್ಪತ್ನಾಲ್ಕು ಆಗೂತನಾ ಎದ್ದಿರತೀನಿ.
ಅದು ಅವರ ಹಂತ."

ಮೂರು ಗಂಟೆ. ಇಪ್ಪತ್ತೇಳು. ದಾ. ಸಿ. ಬಿರಾದಾರ.
ಷರಾ: ಮೂರನೆಯ ನಂಬರು ಚಾಲ್ತಿಯಲ್ಲಿದೆ, ತೆಗೆಯಬಾರದು.
ಕೆಳಗೆ, ನಾಲ್ಕನೆಯ ಸಲ,
ಹನ್ನೊಂದನೆಯ ಬ್ಯಾಟರಿಯ ಹೊಟ್ಟೆಯ ವಿಷಯ.